ನಿದ್ದೆಗೆಡುವ ಹಾಗಿಲ್ಲ

ತಲೆಗೆ ಪೆಟ್ಟು ಬಿದ್ದಾಗ ನಾನು ಆಡುತ್ತಲೂ ಇರಲಿಲ್ಲ, ಅಂಪೈರ್ ಆಗಿ ನಿಂತಿದ್ದೆ. ಇದನ್ನು ಹೇಳಿದಾಗಲೆಲ್ಲ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಛೆ ಛೆ ಎನ್ನುತ್ತಾರೆ. ನಗಲಿ ಬಿಡಿ, ನನಗೂ ಎಷ್ಟೋ ಸಲ ನಗು ಬಂದಿದೆ. 2008ರಲ್ಲಿ ಎಂ.ಎಸ್. ಓದಲು ಲಾಸ್ ಏಂಜಲೀಸ್‌ಗೆ ಬಂದವನು ನಾನು. ಓದು ಮುಗಿಸಿ ಗ್ಲೆಂಡೇಲ್‌ನಲ್ಲಿ ಕೆಲಸ ಹಿಡಿದು, ಊರಿಗೆ ಹೋಗಿ ಮದುವೆಯಾಗಿ ಬಂದು ಒಂದು ವರ್ಷ ಕಳೆದಿತ್ತು. 2012ರ ಬೇಸಿಗೆಯ ಒಂದು ಭಾನುವಾರ ಪಾರ್ಕಿನಲ್ಲಿ ಎಂದಿನಂತೆ ಕ್ರಿಕೆಟ್. ಅಲ್ಲಿಯವರೆಗೆ ಟೆನಿಸ್ ಬಾಲ್‌ನಲ್ಲಿ ಆಡಿಕೊಂಡು ಸುಖವಾಗಿದ್ದ ನಮಗೆ ಆ ವಾರ ಯಾರೋ ಬೆಂಗಳೂರಿನಿಂದ ಲೆದರ್ ಬಾಲ್ ತಂದುಕೊಟ್ಟಿದ್ದರು. ಬ್ಯಾಟ್ಸ್‌ಮನ್ ನೇರಕ್ಕೆ ಬೀಸಿದ. ನಾನು ತಪ್ಪಿಸಿಕೊಳ್ಳಲು ಬಾಗಿದೆ, ಬಾಗಿದ್ದು ಚೆಂಡು ಬರುತ್ತಿದ್ದ ಕಡೆಗೇ.

ಎಡಗಿವಿಯ ಮೇಲೆ ಬುರುಡೆ ಒಳಕ್ಕೆ ತಗ್ಗಿತ್ತು. ಕೆಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಮಾಡಿ ತೆಗೆದರು. ಮೂರು ತಿಂಗಳಿಗೆ ನಾನು ಮತ್ತೆ ಆಫೀಸಿನಲ್ಲಿದ್ದೆ, ಕೂದಲೂ ಬೆಳೆದಿತ್ತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದ್ದರು: ಪೆಟ್ಟು ಬಿದ್ದ ಕಡೆ ಮಿದುಳಿನಲ್ಲಿ ಗಾಯದ ಕಲೆ ಉಳಿಯುತ್ತದೆ, ಅದರಿಂದ ತಿಂಗಳುಗಳ ಮೇಲೆ, ವರ್ಷಗಳ ಮೇಲೆ ಕೂಡ ಫಿಟ್ಸ್ ಬರಬಹುದು, ಬರದೆಯೂ ಇರಬಹುದು, ನೀವು ಮಾತ್ರ ನಿದ್ದೆಗೆಡಬೇಡಿ. ವಿಮಾನದಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳುವುದನ್ನು ತೋರಿಸುವವರ ಮಾತು ಕೇಳಿದ ಹಾಗೆ ಅದನ್ನು ಕೇಳಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಬರೆದುಕೊಂಡಳು.

ನಿದ್ದೆಯನ್ನು ನಾವು ಯಾವತ್ತು ಲೆಕ್ಕಕ್ಕೆ ತಗೊಂಡಿದ್ದೆವು ಹೇಳಿ. ನಮ್ಮ ಮನೆಯಲ್ಲಿ ನಿದ್ದೆ ಎಂದರೆ ಸೋಮಾರಿತನದ ಇನ್ನೊಂದು ಹೆಸರು. ಪರೀಕ್ಷೆ ಬಂತೆಂದರೆ ಅಪ್ಪ ನಾಲ್ಕೂವರೆಗೆ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸುತ್ತಿದ್ದರು. ಮಧ್ಯಾಹ್ನ ಕಣ್ಣು ಎಳೆದರೆ ಅಜ್ಜಿ, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಚುಚ್ಚುತ್ತಿದ್ದರು. ಇಂಜಿನಿಯರಿಂಗ್‌ನಲ್ಲಿ ಎರಡು ರಾತ್ರಿ ಮಲಗದೆ ಪರೀಕ್ಷೆ ಬರೆದು ಬಂದವನೇ ಹಾಸ್ಟೆಲಿನ ಶೂರ. ನಾನು ಆ ಶೂರರಲ್ಲಿ ಒಬ್ಬ. ಈ ಹೆಮ್ಮೆಯನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡೇ ಅಮೆರಿಕಕ್ಕೆ ಬಂದಿದ್ದೆ.

2013ರ ಆರಂಭದಲ್ಲಿ ಟೆಲಿಕಾಂ ಕಂಪನಿಯೊಂದರಲ್ಲಿ ಕೆಲಸ ಸಿಕ್ಕು ಸ್ಯಾನ್ ಡಿಯಾಗೋಗೆ ಬಂದೆವು. ಕಾರ್ಮೆಲ್ ವ್ಯಾಲಿಯಲ್ಲಿ ಒಂದು ಬಾಡಿಗೆ ಅಪಾರ್ಟ್‌ಮೆಂಟ್. ಸೇರಿದ ಎರಡನೇ ತಿಂಗಳಲ್ಲೇ ಒಂದು ಸಾಫ್ಟ್‌ವೇರ್ ರಿಲೀಸ್‌ಗಾಗಿ ಎರಡು ರಾತ್ರಿ ತಲಾ ಮೂರು ಗಂಟೆ ಮಲಗಿದ್ದೆ. ಮೂರನೇ ದಿನ ಶನಿವಾರ, ಅಲ್ಲೇ ಎರಡು ಬೀದಿ ಆಚೆ ಇದ್ದ ನಮ್ಮ ಸ್ನೇಹಿತ ದಂಪತಿಗಳ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಸಪಾದ ಭಕ್ಷ್ಯಕ್ಕೆ ಕೈ ಚಾಚಿದ್ದು ನೆನಪಿದೆ. ಅದರ ಮುಂದಿನ ನೆನಪು, ಮೂಗಿನ ಹತ್ತಿರ ಜಜ್ಜಿದ ಈರುಳ್ಳಿ, ಬಲ ಮುಷ್ಟಿಯಲ್ಲಿ ಒಂದು ಬೀಗದ ಕೈ ಗೊಂಚಲು. ಊರಿಂದ ಬಂದಿದ್ದ ಸ್ನೇಹಿತನ ತಂದೆ, ಕೈಗೆ ಕಬ್ಬಿಣ ಕೊಡಿ, ಕಬ್ಬಿಣ ಕೊಡಿ ಎಂದು ಓಡಾಡಿ, ಕಬ್ಬಿಣ ಸಿಗದೆ ತಮ್ಮ ಮಗನ ಮನೆ ಬೀಗದ ಕೈಗಳನ್ನೇ ನನ್ನ ಕೈಯಲ್ಲಿ ತುರುಕಿದ್ದರಂತೆ. ಆಂಬುಲೆನ್ಸಿನವರು ಅದನ್ನು ಬಿಡಿಸಿ ತೆಗೆಯಲು ಕಷ್ಟಪಟ್ಟರಂತೆ.

ನನ್ನ ಹೆಂಡತಿ ಬಿ.ಫಾರ್ಮ ಓದಿದವಳು. ಔಷಧಿಗಳ ಪರೀಕ್ಷೆ ನಡೆಸುವ ಕಂಪನಿಯಲ್ಲಿ ಅವಳಿಗೆ ಕೆಲಸ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇಬ್ಬರೂ ಆ ಅಂಕಲ್ ವಿಷಯ ಆಡಿಕೊಂಡು ನಕ್ಕೆವು. ಕಬ್ಬಿಣಕ್ಕೂ ಮಿದುಳಿಗೂ ಏನ್ರೀ ಸಂಬಂಧ, ಫಿಟ್ಸ್ ತಾನಾಗೇ ನಿಲ್ಲುತ್ತೆ, ಕೀ ಕೊಟ್ಟವರಿಗೆ ಹೆಸರು ಬರುತ್ತೆ ಎಂದಳು. ಒಂದು ಕಡೆ ಮಗ್ಗುಲಾಗಿಸಿ, ಸುತ್ತ ಇರುವುದನ್ನು ಸರಿಸಿ, ಗಡಿಯಾರ ನೋಡುತ್ತಾ ಕಾಯಬೇಕು, ಅಷ್ಟೇ ಮಾಡಬೇಕಾದ್ದು ಎಂದು ನನಗೆ ಪಾಠವನ್ನೂ ಮಾಡಿದಳು.

ಇಲ್ಲಿಯ ಕಾನೂನಿನಂತೆ ಡಾಕ್ಟರು ಮೋಟಾರು ಇಲಾಖೆಗೆ ತಿಳಿಸಲೇಬೇಕಾಯಿತು. ಲೈಸೆನ್ಸ್ ಹೋಯಿತು. ಆರು ತಿಂಗಳು ಫಿಟ್ಸ್ ಇಲ್ಲದಿದ್ದರೆ ಮತ್ತೆ ಅಪ್ಲೈ ಮಾಡಬಹುದು ಎಂದರು. ಕಾರಿಲ್ಲದೆ ಇಲ್ಲಿ ಮನುಷ್ಯ ಹಾಲು ತರಲೂ ಆಗದು. ಬೆಳಿಗ್ಗೆ ಅವಳು ನನ್ನನ್ನು ಆಫೀಸಿಗೆ ಬಿಟ್ಟು, ತನ್ನ ಆಫೀಸಿಗೆ ಹೋಗಿ, ಸಂಜೆ ಮತ್ತೆ ಬಂದು ಕರೆದುಕೊಂಡು ಹೋಗಬೇಕಾಯಿತು. ಆ ಆರು ತಿಂಗಳು ನಾನು ಅವಳನ್ನು ಹುರಿದು ಮುಕ್ಕಿದೆ. ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಹಾಕು, ಲೇನ್ ಬದಲಿಸು, ಯಾರು ನಿನಗೆ ಲೈಸೆನ್ಸ್ ಕೊಟ್ಟಿದ್ದು ಎಂದು ದಿನಾ ರಗಳೆ. ಅವಳು ಹತ್ತು ನಿಮಿಷ ತಡವಾಗಿ ಬಂದರೆ ಮನೆ ತಲುಪುವವರೆಗೆ ಮಾತಿಲ್ಲ. ನಾನೇನು ಲಗೇಜಾ, ಒಂದು ಕಡೆ ಇಟ್ಟು ಇನ್ನೊಂದು ಕಡೆ ಎತ್ತಿಕೊಳ್ಳೋಕೆ ಎಂದು ಒಂದು ದಿನ ಕೂಗಾಡಿದ್ದೆ. ಫಿಟ್ಸಿಗೆ ಕೊಟ್ಟ ಮಾತ್ರೆಯಿಂದ ಸಿಟ್ಟು ಹೆಚ್ಚಾಗುತ್ತದೆ ಎಂದು ಚೀಟಿಯಲ್ಲಿ ಬರೆದಿತ್ತು, ನಿಜ. ಆದರೆ ಎಲ್ಲ ಸಿಟ್ಟನ್ನೂ ಮಾತ್ರೆಯ ತಲೆಗೆ ಕಟ್ಟಿದರೆ ದೇವರು ಮೆಚ್ಚುವುದಿಲ್ಲ.

ನಡುವೆ ಮಿದುಳಿನ ಅಲೆಗಳನ್ನು ಅಳೆಯುವ ಒಂದು ಇಇಜಿ ಪರೀಕ್ಷೆ ಬಂತು. ನಿದ್ದೆಗೆಟ್ಟ ಮಿದುಳು ತನ್ನ ಗುಟ್ಟನ್ನು ಬಿಟ್ಟುಕೊಡುತ್ತದಂತೆ, ಹಾಗಾಗಿ ಹಿಂದಿನ ರಾತ್ರಿ ಎಚ್ಚರವಿದ್ದು ಬರಬೇಕು ಎಂದರು. ಇಷ್ಟು ದಿನ ಮಲಗು ಮಲಗು ಎಂದವರು ಈಗ ಮಲಗಬೇಡ ಎನ್ನುತ್ತಾರಲ್ಲ ಎಂದು ನನಗೆ ಮಜಾ ಅನ್ನಿಸಿತು. ಸ್ನೇಹಿತ ದಂಪತಿಗಳು ಸುದ್ದಿ ಕೇಳಿ, ಒಬ್ಬರೇ ಹೇಗೆ ಕೂರುತ್ತೀರಿ, ಶಿವರಾತ್ರಿ ಜಾಗರಣೆ ಅಂದುಕೊಳ್ಳಿ ಎಂದು ಇಸ್ಪೀಟು, ಚಕ್ಕುಲಿ ಸಮೇತ ಬಂದರು. ಜಾಗರಣೆ ಎಂದ ಮೇಲೆ ಕಾಫಿ ಬೇಡವೇ. ಫಿಲ್ಟರಿಗೆ ಎರಡು ಸಲ ಪುಡಿ ಬಿತ್ತು. ನಾನು ನಾಲ್ಕು ಲೋಟ ಕುಡಿದೆ. ಬೆಳಿಗ್ಗೆ ತಲೆಗೆ ವೈರು ಅಂಟಿಸುವ ಮುಂಚೆ ಅಲ್ಲಿಯ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ ಕಾಫಿ, ಟೀ ಕುಡಿದಿಲ್ಲ ತಾನೇ ಎಂದು. ಸೂಚನೆಯ ಹಾಳೆಯ ಹಿಂಬದಿಯಲ್ಲಿ ಅದನ್ನು ದಪ್ಪಕ್ಷರದಲ್ಲಿ ಬರೆದಿದ್ದರು, ನಾವು ಮುಂಬದಿ ಮಾತ್ರ ಓದಿದ್ದೆವು. ಪರೀಕ್ಷೆ ಮುಂದಕ್ಕೆ ಹೋಯಿತು. ಎರಡು ವಾರ ಬಿಟ್ಟು ಮತ್ತೊಂದು ಜಾಗರಣೆ, ಈ ಸಲ ಬಿಸಿನೀರು ಕುಡಿದುಕೊಂಡು. ಅವತ್ತು ನನ್ನ ಜೊತೆ ಕೂತವಳು ಹೆಂಡತಿ ಒಬ್ಬಳೇ.

ಆರು ತಿಂಗಳು ಕಳೆದು ಲೈಸೆನ್ಸ್ ಬಂತು. ಬಂದ ವಾರವೇ ಬೇಕೆಂದೇ ಲಾಸ್ ಏಂಜಲೀಸ್ ಹತ್ತಿರ ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾವರೆಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಸೋನಾ ಮಸೂರಿ ಮೂಟೆ, ಹುರಿಗಡಲೆ, ಮೈಸೂರು ಪಾಕು ಎಲ್ಲ ತಂದೆ. ನಮ್ಮಲ್ಲೂ ಸಿಗುವ ಸಾಮಾನೇ ಅದೆಲ್ಲ, ಅದಕ್ಕೆ ಅಷ್ಟು ದೂರ ಹೋಗುವ ಅಗತ್ಯ ಇರಲಿಲ್ಲ. ಅವಳು ದಾರಿಯುದ್ದಕ್ಕೂ ಕಿಟಕಿ ಕಡೆ ನೋಡಿಕೊಂಡು ಕೂತಿದ್ದಳು. ನನಗೆ ಅವತ್ತಾದ ಸಂತೋಷ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ನಾಲ್ಕು ವರ್ಷ ನನ್ನ ಪ್ರಕಾರ ಒಂದೂ ಫಿಟ್ಸ್ ಇಲ್ಲ. ಆರು ತಿಂಗಳಿಗೊಮ್ಮೆ ಡಾಕ್ಟರು ಏನಾದರೂ ಬಂದಿತ್ತೇ ಎಂದು ಕೇಳುತ್ತಿದ್ದರು. ಇಲ್ಲವೇ ಇಲ್ಲ ಎಂದು ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಅವಳು ಕೈಚೀಲದ ಜಿಪ್ಪು ಎಳೆಯುತ್ತಾ ಕೂತಿರುತ್ತಿದ್ದಳು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯ ಹುಡುಗ. ನಿದ್ದೆಯ ವಿಷಯದಲ್ಲಿ ಮಾತ್ರ ಹಳೇ ಚಾಳಿ. ಬೆಂಗಳೂರಿನ ಟೀಮಿನ ಜೊತೆ ನಮ್ಮ ರಾತ್ರಿ ಒಂಬತ್ತೂವರೆಗೆ ಕಾಲ್ ಶುರುವಾದರೆ ಕೆಲವು ವಾರ ಒಂದು ಗಂಟೆಯವರೆಗೂ ಎಳೆಯುತ್ತಿತ್ತು. ಫಿಟ್ಸ್ ವಿಷಯ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮೂರ್ಛೆರೋಗ ಎಂಬ ಪದ ಒಂದು ಸಲ ಅಂಟಿಕೊಂಡರೆ ಜನ್ಮದಲ್ಲಿ ಬಿಡುವುದಿಲ್ಲ ಎಂಬ ಭಯ. ಇಲ್ಲಿಯವರಿಗಿಂತ ಹೆಚ್ಚಾಗಿ ನಮ್ಮವರ ಭಯ.

ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಇದ್ದ ಒಂದೇ ತೊಂದರೆ ಅವಳ ಮರೆವು. ಬಾಗಿಲ ಪಕ್ಕದ ಮೊಳೆಯಲ್ಲಿ ನೇತುಹಾಕಿದ ನನ್ನ ಕಾರಿನ ಕೀ ನಾಲ್ಕೈದು ತಿಂಗಳಿಗೊಮ್ಮೆ, ಕೆಲವು ಸಲ ಇನ್ನೂ ತಡವಾಗಿ, ಬೆಳಿಗ್ಗೆ ಮಾಯವಾಗುತ್ತಿತ್ತು. ನಿನ್ನೆ ಹಾಲು ತರೋಕೆ ಹೋಗಿದ್ದೆ, ಎಲ್ಲಿಟ್ಟೆನೋ ಗೊತ್ತಿಲ್ಲ, ಇವತ್ತು ನಾನೇ ಬಿಡ್ತೀನಿ ಬನ್ನಿ ಎನ್ನುತ್ತಿದ್ದಳು. ಸಂಜೆ ಅದು ಅಕ್ಕಿ ಡಬ್ಬದಲ್ಲೋ, ದೇವರ ಗೂಡಿನಲ್ಲೋ ಸಿಗುತ್ತಿತ್ತು. ನಾಲ್ಕು ಜನ ಸೇರಿದಲ್ಲೆಲ್ಲ ನನಗೆ ಇದೇ ಕಥೆ. ಬಿ.ಫಾರ್ಮ ಓದಿದವಳು, ಸಾವಿರ ಔಷಧಿ ಹೆಸರು ಬಾಯಿಪಾಠ, ಕೀ ಎಲ್ಲಿಟ್ಟೆ ಅಂದರೆ ಕೈಲಾಸ ನೋಡುತ್ತಾಳೆ, ಒಂದೆಲಗದ ಚಟ್ನಿ ಮಾಡಿ ತಿನ್ನು ಅಂತ ಹೇಳಿದ್ದೇನೆ ಎಂದು ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

2017ರ ಒಂದು ಬುಧವಾರ ಬೆಳಿಗ್ಗೆ ಎಚ್ಚರವಾದಾಗ ಬ್ಲೈಂಡ್ಸ್ ಸಂದಿಯಿಂದ ಬಿಸಿಲು ಬಂದಿತ್ತು. ತಲೆ ಭಾರ, ನಾಲಿಗೆಯ ಅಂಚು ಉರಿ. ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು, ಒಳಗೆ ಏನೋ ಒತ್ತುತ್ತಿತ್ತು. ಬಿಡಿಸಿ ನೋಡಿದರೆ ಕಾರಿನ ಕೀ. ಹಳೆಯ ಕಾರು, ಉದ್ದನೆಯ ಲೋಹದ ಕೀ, ಅದರ ಹಲ್ಲುಗಳ ಗುರುತು ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಪಕ್ಕದಲ್ಲಿ ಅವಳು ಗೋಡೆಗೆ ಒರಗಿ, ಕನ್ನಡಕ ಹಾಕಿಕೊಂಡೇ, ಬಾಯಿ ಅರ್ಧ ತೆರೆದು ಮಲಗಿದ್ದಳು. ಮದುವೆಯಾಗಿ ಆರು ವರ್ಷ, ಅವಳು ಮಲಗಿದ್ದನ್ನು ನಾನು ನೋಡಿದ್ದೇ ಅಪರೂಪ ಎಂದು ಆಗ ಹೊಳೆಯಿತು. ನನಗಿಂತ ಮೊದಲು ಮಲಗುತ್ತಿರಲಿಲ್ಲ, ನನಗಿಂತ ಮೊದಲೇ ಎದ್ದಿರುತ್ತಿದ್ದಳು. ಗೃಹಿಣಿಯ ಗುಣ ಎಂದುಕೊಂಡು ಸುಮ್ಮನಿದ್ದೆ ನಾನು, ಮಹಾ ಬುದ್ಧಿವಂತ.

ನಮ್ಮ ಕಡೆ ಮಲಗಿದವನ ಮುಷ್ಟಿಯಲ್ಲಿ ಬೀಗದ ಕೈ ಇಡುವುದು ಒಂದೇ ಕಾರಣಕ್ಕೆ. ಅದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಕ್ಕಿ ಡಬ್ಬ, ದೇವರ ಗೂಡು, ಬನ್ನಿ ನಾನೇ ಬಿಡ್ತೀನಿ, ಎಲ್ಲ ಒಂದೊಂದಾಗಿ ನೆನಪಾಯಿತು. ಅಂಥ ಬೆಳಿಗ್ಗೆಗಳಲ್ಲಿ ತಲೆನೋವಿಗೆ ದಿಂಬನ್ನೂ, ನಾಲಿಗೆ ಉರಿಗೆ ಚಟ್ನಿಯ ಖಾರವನ್ನೂ ಬೈದಿದ್ದೆ. ಅವಳು ಕಣ್ಣು ಬಿಟ್ಟವಳು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು.

ಎಷ್ಟು ಸಲ ಎಂದು ಕೇಳಿದೆ.

“ಇದು ಒಂಬತ್ತನೇದು,” ಎಂದಳು. “ಎಲ್ಲಾ ನಿದ್ದೆಲೇ ಬಂದಿದ್ದು. ಎಚ್ಚರ ಇದ್ದಾಗ ಒಂದೂ ಇಲ್ಲ.”

ನನಗೆ ಮೊದಲು ಬಂದದ್ದು ಸಿಟ್ಟು, ಮುಚ್ಚಿಡುವುದೇಕೆ. ಆಫೀಸಿನ ದಾರಿಯಲ್ಲಿ ಎರಡು ಶಾಲೆಗಳಿವೆ. ಬೆಳಿಗ್ಗೆ ಎಂಟಕ್ಕೆ ಅಪ್ಪ ಅಮ್ಮಂದಿರು ಕಾರು ನಿಲ್ಲಿಸಿ ಮಕ್ಕಳನ್ನು ಇಳಿಸುತ್ತಿರುತ್ತಾರೆ, ಮಕ್ಕಳು ಸಾಲಾಗಿ ರಸ್ತೆ ದಾಟುತ್ತಿರುತ್ತಾರೆ. ಆ ಮಕ್ಕಳ ಮಧ್ಯೆ ನನ್ನನ್ನು ಕಾರು ಓಡಿಸಲು ಬಿಟ್ಟೆಯಲ್ಲ, ನೀನು ಮನುಷ್ಯಳಾ ಎಂದು ಕೂಗಿದೆ. ಬಂದ ದಿನ ಯಾವತ್ತೂ ಕೀ ಕೊಟ್ಟಿಲ್ಲ ಎಂದಳು. ಮುಂದೆ ಬರುವ ದಿನ ಯಾವುದೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದೆ. ಅವಳದ್ದೂ ತಪ್ಪೇ. ಅದನ್ನು ಅವಳು ಅವತ್ತೂ ಅಲ್ಲಗಳೆಯಲಿಲ್ಲ, ಆಮೇಲೂ ಇಲ್ಲ. ಯಾಕೆ ಹೇಳಲಿಲ್ಲ ಎಂದಾಗ ಮಾತ್ರ ಕನ್ನಡಕ ತೆಗೆದು ಸೆರಗಿಲ್ಲದ ನೈಟಿಯ ತೋಳಿನಲ್ಲಿ ಒರೆಸಿಕೊಳ್ಳುತ್ತಾ ಹೇಳಿದಳು.

“ಹೇಳಿದ್ರೆ ನೀವು ಹೆದರಿಕೊಂಡು ನಿದ್ದೆ ಮಾಡ್ತಿರ್ಲಿಲ್ಲ. ನಿದ್ದೆ ಇಲ್ಲ ಅಂದ್ರೆ ಇನ್ನೂ ಬರ್ತಿತ್ತು. ಲೈಸೆನ್ಸ್ ಹೋದಾಗ ಆ ಆರು ತಿಂಗಳು ನನ್ನ ಹೇಗೆ ಇಟ್ಕೊಂಡಿದ್ರಿ ಅಂತ ನಿಮಗೆ ನೆನಪಿಲ್ಲ. ನನಗಿದೆ.”

ಕಬ್ಬಿಣ ಕೊಟ್ಟರೆ ನಿಲ್ಲುವುದಿಲ್ಲ ಎಂದು ನೀನೇ ಹೇಳಿದ್ದೆಯಲ್ಲ ಎಂದೆ, ಬೇರೆ ಮಾತು ತೋಚದೆ. ಗೊತ್ತು ಎಂದಳು. ಮಗ್ಗುಲಾಗಿಸಿದ ಮೇಲೆ ಎರಡು ನಿಮಿಷ ಸುಮ್ಮನೆ ಗಡಿಯಾರ ನೋಡುತ್ತಾ ಕೂರೋಕಾಗಲ್ಲ, ಕೈಗೆ ಏನಾದರೂ ಕೆಲಸ ಬೇಕಾಗುತ್ತೆ, ಹೇಗೂ ಕೀ ತೆಗೆದಿಡಬೇಕಲ್ಲ, ಮೊದಲು ನಿಮ್ಮ ಕೈಗೆ ಕೊಟ್ಟು ಆಮೇಲೆ ತೆಗೆದಿಡುತ್ತಿದ್ದೆ ಎಂದಳು. ಈ ಸಲ ತೆಗೆಯುವ ಮುಂಚೆ ತನಗೇ ನಿದ್ದೆ ಬಂದುಬಿಟ್ಟಿತು ಎಂದು, ಅದೇ ದೊಡ್ಡ ಅಪರಾಧ ಎನ್ನುವ ಹಾಗೆ, ಹೇಳಿದಳು. ಆಮೇಲೆ ಅತ್ತಳು. ತನಗೆ ಸಾಕಾಗಿಹೋಗಿದೆ, ಊಟದ ಬಿಡುವಿನಲ್ಲಿ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಮಲಗುತ್ತೇನೆ, ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿ ವರ್ಷಗಳಾದವು ಎಂದಳು. ಬಂದ ರಾತ್ರಿ ಒಂಬತ್ತು. ಬರಬಹುದು ಎಂದು ನನ್ನ ಉಸಿರು ಕೇಳುತ್ತಾ ಎಚ್ಚರವಿದ್ದ ರಾತ್ರಿಗಳನ್ನು ಅವಳೂ ಎಣಿಸಿರಲಿಲ್ಲ.

ಅದೇ ವಾರ ಡಾಕ್ಟರ ಹತ್ತಿರ ಹೋಗಿ ನಾನೇ ಹೇಳಿದೆ. ಅವಳು ಫೋನಿನಲ್ಲಿ ಬರೆದಿಟ್ಟಿದ್ದ ದಿನಾಂಕಗಳನ್ನು ಓದಿದಳು. ಒಂಬತ್ತರಲ್ಲಿ ಎಂಟು, ಕಾಲ್ ಮುಗಿಸಿ ಒಂದು ಗಂಟೆಗೆ ಮಲಗಿದ ವಾರಗಳವು. ಡಾಕ್ಟರು ಬೈಯಲಿಲ್ಲ. ಮಾತ್ರೆ ಹೆಚ್ಚಿಸಿದರು, ಮೋಟಾರು ಇಲಾಖೆಗೆ ಬರೆದರು, ಅವಳ ಕಡೆ ತಿರುಗಿ ನೀವು ಬೇರೆ ಕೋಣೆಯಲ್ಲಿ ಮಲಗಿ ಎಂದರು. ಲೈಸೆನ್ಸ್ ಮತ್ತೆ ಹೋಯಿತು. ಮ್ಯಾನೇಜರ್ ಬೆಂಗಳೂರಿನವರೇ. ಹೆದರುತ್ತಲೇ ಅವರಿಗೆ ವಿಷಯ ಹೇಳಿದರೆ, ಅದಕ್ಕೇನಂತೆ, ಕಾಲ್ ಅನ್ನು ಇಲ್ಲಿಯ ಬೆಳಿಗ್ಗೆ ಏಳಕ್ಕೆ ಹಾಕಿಕೊಳ್ಳೋಣ, ಮೊದಲೇ ಹೇಳಬಾರದಾ ಎಂದುಬಿಟ್ಟರು. ಒಂದು ನಿಮಿಷದ ಮಾತು. ಅದನ್ನು ಆಡಲು ನಾಲ್ಕು ವರ್ಷ ಹಿಡಿದಿತ್ತಲ್ಲ ಎಂದು ನನ್ನ ಮೇಲೇ ನನಗೆ ಅಸಹ್ಯವಾಯಿತು. ರಾತ್ರಿ ಹತ್ತಕ್ಕೆ ಮಲಗುವುದು ರೂಢಿಯಾಯಿತು. ಅವಳು ಪಕ್ಕದ ಕೋಣೆಯಲ್ಲಿ ಮಲಗತೊಡಗಿದಳು, ಎರಡೂ ಬಾಗಿಲು ತೆರೆದಿಟ್ಟು. ಲೈಸೆನ್ಸಿಗೆ ನಾನು ಮತ್ತೆ ಅಪ್ಲೈ ಮಾಡಲಿಲ್ಲ. ಪಕ್ಕದ ಸೀಟಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದನ್ನು ಕಲಿತೆ.

2019ರಲ್ಲಿ ಒಂದು ಮಧ್ಯಾಹ್ನ ಅವಳಿಗೆ ಆಫೀಸಿನಲ್ಲೇ ಹೊಟ್ಟೆನೋವು ಶುರುವಾಯಿತು. ಪಿತ್ತಕೋಶದಲ್ಲಿ ಕಲ್ಲು, ಸೋಂಕೂ ಆಗಿದೆ ಎಂದು ಸಂಜೆಯೇ ಆಪರೇಷನ್ ಮಾಡಿದರು. ಸ್ನೇಹಿತ ದಂಪತಿಗಳು ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದರು. ರಾತ್ರಿ ಜೊತೆಗೆ ಒಬ್ಬರು ಇರಬಹುದು ಎಂದಾಗ ನಾನು ಕುರ್ಚಿ ಎಳೆದುಕೊಂಡು ಕೂತೆ. ಇಷ್ಟು ವರ್ಷಕ್ಕೆ ನನ್ನ ಸರದಿ ಬಂತು ಎಂದುಕೊಂಡಿದ್ದೆ. ಅವಳು ಬೇಡ ಎಂದಳು.

“ಒಂದೇ ರಾತ್ರಿ ಕಣೆ,” ಎಂದೆ.

“ಒಂದೇ ರಾತ್ರಿ ಸಾಕು ಅಂತ ನಿಮಗೂ ಗೊತ್ತು,” ಎಂದಳು. “ಮನೆಗೆ ಹೋಗಿ ಮಾತ್ರೆ ತಗೊಂಡು ಮಲಗಿ.”

ಹೆಂಡತಿ ಆಸ್ಪತ್ರೆಯಲ್ಲಿ ನರಳುತ್ತಿರುವಾಗ ಪಕ್ಕದಲ್ಲಿ ಕೂತು ಒಂದು ರಾತ್ರಿ ನಿದ್ದೆಗೆಡುವುದು, ಯಾವ ಗಂಡನೂ ಮಾಡಬಹುದಾದ್ದು, ಅದೂ ನನ್ನಿಂದಾಗದು. ನಾನಲ್ಲಿ ಬಿದ್ದುಬಿಟ್ಟರೆ ಹೊಲಿಗೆ ಹಾಕಿಸಿಕೊಂಡ ಹೊಟ್ಟೆ ಹಿಡಿದುಕೊಂಡು ಅವಳೇ ಏಳಬೇಕು. ಸ್ನೇಹಿತನ ಹೆಂಡತಿ ಅವಳ ಜೊತೆ ಉಳಿದರು. ಸ್ನೇಹಿತ ನನ್ನನ್ನು ಮನೆಗೆ ಕರೆತಂದು, ತಾನು ಹಾಲ್‌ನ ಸೋಫಾದ ಮೇಲೆ ಮಲಗಿದ. ಹತ್ತಕ್ಕೆ ಮಾತ್ರೆ ನುಂಗಿ ಹಾಸಿಗೆಗೆ ಬಿದ್ದೆ. ಇವತ್ತಂತೂ ನಿದ್ದೆ ಬರುವುದಿಲ್ಲ, ಬರಬಾರದು ಎಂದುಕೊಂಡೆ. ಬಂತು. ಒಂದು ಕನಸೂ ಇಲ್ಲದೆ ಆರೂವರೆಯವರೆಗೆ ಮಲಗಿದೆ.

ಎದ್ದ ಕೂಡಲೇ ಅವಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಹೇಗಿದ್ದೀಯ ಎಂದು ನಾನು ಕೇಳುವ ಮೊದಲೇ, ನಿದ್ದೆ ಬಂತಾ ಎಂದಳು. ಚೆನ್ನಾಗಿ ಬಂತು, ಎಂಟು ಗಂಟೆ ಎಂದೆ. ನಿಜವನ್ನೇ ಹೇಳಿದ್ದು, ಆದರೂ ನಾಚಿಕೆಯಾಯಿತು. ಸದ್ಯ ಎಂದು ಫೋನ್ ಇಟ್ಟಳು.

ಎಂಟು ಗಂಟೆಗೆ ಆಸ್ಪತ್ರೆ ತಲುಪಿದಾಗ ಸ್ನೇಹಿತನ ಹೆಂಡತಿ ಕಾರಿಡಾರಿನಲ್ಲೇ ನಿಂತಿದ್ದರು. ರಾತ್ರಿ ನರ್ಸು ಎರಡು ಸಲ ನೋವಿನ ಇಂಜೆಕ್ಷನ್ ತಂದರಂತೆ. ಎರಡು ಸಲವೂ ಅವಳು ಬೇಡ ಎಂದು ತಲೆಯಾಡಿಸಿದಳಂತೆ, ಅದು ತಗೊಂಡರೆ ನಿದ್ದೆ ಬಂದುಬಿಡುತ್ತೆ, ಅವರು ಎದ್ದು ಫೋನ್ ಮಾಡಲಿ, ಆಮೇಲೆ ಕೊಡಿ ಎಂದು. ಹಲ್ಲು ಕಚ್ಚಿಕೊಂಡು, ಫೋನನ್ನು ಎದೆಯ ಮೇಲಿಟ್ಟುಕೊಂಡು ಬೆಳಗಿನವರೆಗೂ ಎಚ್ಚರವಾಗಿದ್ದಳಂತೆ.

ಒಳಗೆ ಹೋದರೆ ಇಂಜೆಕ್ಷನ್ ತಗೊಂಡು ಆಗಷ್ಟೇ ಮಲಗಿದ್ದಳು. ಹಗಲು ಹೊತ್ತು, ಎಚ್ಚರವಿರಲು ನನಗೆ ಯಾರ ಅಡ್ಡಿಯೂ ಇರಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಅವಳ ಉಸಿರು ನೋಡುತ್ತಾ ಕೂತೆ. ಮಧ್ಯಾಹ್ನ ಎರಡರವರೆಗೆ ಅವಳು ಮಗ್ಗುಲು ಕೂಡ ಬದಲಿಸಲಿಲ್ಲ, ನಾನೂ ಏಳಲಿಲ್ಲ.